ದಿ ಕಿಂಗ್ ಆಫ್ ಶಿಕಾಗೋ: 1987ರ ಗ್ಯಾಂಗ್‌ಸ್ಟರ್ ಗೇಮನ್ನ ಇವತ್ತಿನ ಲ್ಯಾಪ್‌ಟಾಪಲ್ಲಿ ಆಡೋದು ಹೆಂಗೆ, ಮತ್ತೆ ಯಾಕೆ ಬೇಕಂತಲೇ ಮೂರು ಸಲ ಸೋಲ್ಬೇಕು

ಅವೆನ್ಯೂ ರೋಡ್ ಫುಟ್‌ಪಾತಲ್ಲಿ ಹಳೇ ಫಾರಿನ್ ಕಂಪ್ಯೂಟರ್ ಮ್ಯಾಗಜೀನ್ ರಾಶಿ ಹಾಕ್ಕೊಂಡು ಮಾರ್ತಿದ್ದ ಕಾಲ ನೆನಪಿದ್ಯಾ? ನಾನು ಮೊದಲನೇ ಸಲ ಈ ಗೇಮ್ ನೋಡಿದ್ದು ಅಲ್ಲೇ, ಗೇಮಲ್ಲ, ಗೇಮಿನ ಒಂದು ಬೆರಳುದ್ದದ ಫೋಟೋ. ಹ್ಯಾಟ್ ಹಾಕಿರೋ ಒಬ್ಬ ಯುವಕ, ತಲೆ ಮೇಲೆ ಕಾಮಿಕ್ಸ್‌ನಲ್ಲಿ ಇರತ್ತಲ್ಲ ಆ ತರ ಯೋಚನೆ ಗುಳ್ಳೆ. ಆ ಗೇಮ್ ಓಡ್ತಿದ್ದ ಕಂಪ್ಯೂಟರ್ ಹೆಸರು ಅಮಿಗಾ ಅಂತ ಓದಿ ಗೊತ್ತಾಯ್ತೇ ಹೊರತು ಕಣ್ಣಲ್ಲಿ ನೋಡಿದ್ದು ಎಷ್ಟೋ ವರ್ಷ ಆದ್ಮೇಲೆ. ನಮ್ಮ ಕಡೆ ಆಗ ಸಿಗ್ತಿದ್ದಿದ್ದು ಅಸೆಂಬಲ್ ಮಾಡಿದ ಪೀಸಿ, ಅದೂ ಯಾರದ್ದೋ ಆಫೀಸಲ್ಲಿ, ಅದೂ ಅವರು ಟೀ ಕುಡಿಯೋಕೆ ಹೋದಾಗ ಹತ್ತು ನಿಮಿಷ.

ಈಗ ವಿಷಯಕ್ಕೆ ಬರ್ತೀನಿ. ದಿ ಕಿಂಗ್ ಆಫ್ ಶಿಕಾಗೋ ಮಾಡಿದ್ದು ಡಗ್ ಶಾರ್ಪ್, ಹೊರಗೆ ತಂದಿದ್ದು ಸಿನಿಮಾವೇರ್ ಅನ್ನೋ ಅಮೆರಿಕದ ಕಂಪನಿ. ಈ ಸಿನಿಮಾವೇರ್ ಶುರು ಮಾಡಿದ್ದು ಬಾಬ್ ಜೇಕಬ್, ಅವರ ತಲೇಲಿ ಇದ್ದಿದ್ದು ಒಂದೇ, ಗೇಮ್ ಅಂದ್ರೆ ಹಾಲಿವುಡ್ ಸಿನಿಮಾ ತರ ಇರ್ಬೇಕು, ಜನ ಮೂರು ದಿನ ಮ್ಯಾನ್ಯುಯಲ್ ಓದ್ಕೊಂಡು ಕೂರಬಾರದು, ಡಿಸ್ಕ್ ಹಾಕಿದ ತಕ್ಷಣ ಕಥೆ ಶುರು ಆಗ್ಬೇಕು. ಅದಕ್ಕೆ ಇಂಟರಾಕ್ಟಿವ್ ಮೂವಿ ಅಂತಲೇ ಹೆಸರಿಟ್ಟು ಮಾರಿದ್ರು. 1986ರಲ್ಲಿ ಅವರ ಡಿಫೆಂಡರ್ ಆಫ್ ದಿ ಕ್ರೌನ್ ಬಂತು, ಅದು ಬೆಂಕಿ ಹಚ್ಚಿದಂಗೆ ಓಡ್ತು, ಆ ಗದ್ದಲದಲ್ಲಿ ಪಕ್ಕದಲ್ಲೇ ಕೂತಿದ್ದ ಶಿಕಾಗೋ ಗೇಮ್ ಸ್ವಲ್ಪ ಮರೆಯಾಯ್ತು ಅಂತ ನನ್ನ ಅನಿಸಿಕೆ. ಕಥೆ ಲೆಕ್ಕದಲ್ಲಿ ನೋಡಿದ್ರೆ ಇದೇ ಅದಕ್ಕಿಂತ ತಲೆ ಇರೋ ಗೇಮ್.

ಆದ್ರೆ ಇವತ್ತು ಇದನ್ನ ಮೊದಲ ಸಲ ಆಡೋರು ತೊಂಬತ್ತು ಪಾಲು ತಪ್ಪಾಗೇ ಆಡ್ತಾರೆ. ನಾನೂ ಹಂಗೇ ಆಡಿದ್ದೆ. ಗೆಲ್ಲಬೇಕು ಅಂತ ಕೂತೆ, ಹೆಜ್ಜೆ ಹೆಜ್ಜೆಗೂ ಸೇವ್ ಮಾಡ್ಕೊಂಡೆ, ಎಡವಿದ್ರೆ ವಾಪಸ್ ಹೋಗಿ ಸರಿ ಮಾಡ್ದೆ, ಮುಕ್ಕಾಲು ಗಂಟೇಲಿ ಗೆದ್ದು ಇಷ್ಟೇನಾ ಅಂತ ಮುಚ್ಚಿಟ್ಟೆ. ಎರಡು ವರ್ಷ ಆದ್ಮೇಲೆ ಅಣ್ಣನ ಮಗ ಪಕ್ಕದಲ್ಲಿ ಕೂತಾಗ ಸೇವ್ ಇಲ್ದೆ ಮತ್ತೆ ಆಡ್ದೆ, ಆಗ ಇದು ಬೇರೇನೇ ಗೇಮ್ ಅಂತ ಗೊತ್ತಾಯ್ತು. ಹಂಗಾಗಿ ಈ ಗೈಡಲ್ಲಿ ಅರ್ಧ ಸೆಟಪ್, ಇನ್ನರ್ಧ ಹೆಂಗೆ ಸೋಲೋದು ಅನ್ನೋದು.

ಮೊದಲನೇ ಕೆಲಸ: ಯಾವ ವರ್ಷನ್ ಅಂತ ತೀರ್ಮಾನ ಮಾಡ್ಕೊಳ್ಳಿ

ಇದು ಮೊದಲು ಬಂದಿದ್ದು ಆ್ಯಪಲ್ ಮ್ಯಾಕಿಂಟೋಷ್‌ಗೆ, ಆಮೇಲೆ ಅಮಿಗಾ, ಆಮೇಲೆ ಅಟಾರಿ ಎಸ್‌ಟಿ, ಡಾಸ್ ಪೀಸಿ, ಆ್ಯಪಲ್ ಟೂ ಜಿಎಸ್. ಮ್ಯಾಕ್ ವರ್ಷನ್ ಶುದ್ಧ ಕಪ್ಪು-ಬಿಳುಪು, ನಡುವೆ ಬೂದು ಬಣ್ಣನೂ ಇಲ್ಲ, ಪಾತ್ರಗಳ ಮುಖ ನೋಡಿದ್ರೆ ಬೊಂಬೆಗಳಿಗೆ ಕೋಟು ಹಾಕಿ ಕೂರಿಸಿದಂಗೆ, ಸ್ವಲ್ಪ ಭಯಾನೇ ಆಗುತ್ತೆ. ಅಮಿಗಾಗೆ ತರೋವಾಗ ಚಿತ್ರಗಳನ್ನ ಬಣ್ಣದಲ್ಲಿ ಹೊಸದಾಗಿ ಮಾಡಿದ್ರು. ಡಾಸ್ ವರ್ಷನ್ ಬಗ್ಗೆ ಜಾಸ್ತಿ ಹೇಳಲ್ಲ, ನಿಮ್ಮ ಹತ್ರ ಬೇರೆ ದಾರಿ ಇಲ್ಲ ಅಂದ್ರೆ ಮಾತ್ರ ಅದನ್ನ ಮುಟ್ಟಿ, ಪೀಸಿ ಸ್ಪೀಕರಿನ ಕೀಚಲು ಕೇಳಿಸ್ಕೊಂಡು ಗ್ಯಾಂಗ್‌ಸ್ಟರ್ ಸಿನಿಮಾ ನೋಡೋಕಾಗಲ್ಲ.

ನನ್ನ ಸಲಹೆ ಮೊದಲು ಅಮಿಗಾ, ಅದು ಹಿಡಿಸಿದ್ರೆ ಇನ್ನೊಂದು ದಿನ ಮ್ಯಾಕ್. ಮುಂದೆ ಹೇಳೋದೆಲ್ಲ ಅಮಿಗಾದ್ದೇ.

ಎರಡನೇದು: ಗೇಮ್ ಎಲ್ಲಿಂದ ತರೋದು

ಸುಲಭದ ದಾರಿ ಸ್ಟೀಮ್, ಅಂದ್ರೆ ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ. 2014ರಲ್ಲಿ ಸಿನಿಮಾವೇರ್ ಆಂಥಾಲಜಿ 1986-1991 ಅಂತ ಒಂದು ಕಟ್ಟು ಬಂತು, ಅದರೊಳಗೆ ಈ ಗೇಮೂ ಇದೆ, ಎಮ್ಯುಲೇಟರ್ (ಇವತ್ತಿನ ಕಂಪ್ಯೂಟರ್ ಹಳೇ ಮೆಷಿನ್ ತರ ನಡ್ಕೊಳ್ಳೋ ಹಂಗೆ ಮಾಡೋ ಸಾಫ್ಟ್‌ವೇರ್) ಜೊತೇಲೇ ಸೇರ್ಸಿದಾರೆ, ಇನ್‌ಸ್ಟಾಲ್ ಮಾಡಿ ಡಬಲ್ ಕ್ಲಿಕ್ ಮಾಡಿದ್ರೆ ಮುಗೀತು. ತಲೆನೋವು ಬೇಡ ಅನ್ನೋರು ಇದನ್ನ ತಗೊಂಡು ಸೀದಾ ನಾಲ್ಕನೇ ಕೆಲಸಕ್ಕೆ ಹೋಗಿ, ನಡುವಿನದ್ದು ಓದೋದೇ ಬೇಡ.

ಸ್ವಂತವಾಗಿ ಸೆಟಪ್ ಮಾಡ್ಕೋಬೇಕು ಅನ್ನೋರಿಗೆ ಬೇಕಾಗೋದು ಮೂರು: ಎಮ್ಯುಲೇಟರ್, ಕಿಕ್‌ಸ್ಟಾರ್ಟ್ ರಾಮ್ (ROM), ಡಿಸ್ಕ್ ಇಮೇಜ್ ಅಂದ್ರೆ ಗೇಮಿನ ಫ್ಲಾಪಿಯ ಫೈಲ್ ರೂಪದ ನಕಲು. ಎಮ್ಯುಲೇಟರ್ ಫ್ರೀ, ವಿಂಡೋಸ್ ಇದ್ರೆ ವಿನ್‌ಯುಎಇ, ಲಿನಕ್ಸ್ ಅಥವಾ ಮ್ಯಾಕ್ ಇದ್ರೆ ಎಫ್‌ಎಸ್-ಯುಎಇ. ಕಿಕ್‌ಸ್ಟಾರ್ಟ್ ಅಂದ್ರೆ ಅಮಿಗಾದ ಒಳಗೆ ಚಿಪ್ಪಲ್ಲಿ ಇರ್ತಿದ್ದ ಸಾಫ್ಟ್‌ವೇರ್, ಮೆಷಿನ್ ಆನ್ ಮಾಡಿದಾಗ ಮೊದಲು ಎದ್ದೇಳೋದು ಅದೇ, ಅದಕ್ಕೆ ಇವತ್ತಿಗೂ ಕಾಪಿರೈಟ್ ಇದೆ. ದುಡ್ಡು ಕೊಟ್ಟು ತಗೊಳ್ಳೋಕೆ ಕ್ಲೊಆಂಟೋ ಕಂಪನಿಯ ಅಮಿಗಾ ಫಾರೆವರ್ ಇದೆ. ನಿಮಗೆ ಬೇಕಾಗೋದು ಕಿಕ್‌ಸ್ಟಾರ್ಟ್ 1.3, ಅಮಿಗಾ 500ರಲ್ಲಿ ತುಂಬಾ ಕಾಲ ಓಡಿದ್ದು ಅದೇ.

ಡಿಸ್ಕ್ ಇಮೇಜ್ ಬಗ್ಗೆ ಒಂದು ಮಾತು, ಇದು ನಾನೇ ಕೈ ಸುಟ್ಕೊಂಡು ಕಲ್ತಿದ್ದು. ಒಂದು ಸೈಟಲ್ಲಿ ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಒತ್ತಿದೆ, ಬಂದಿದ್ದು ಹದಿನಾಲ್ಕು ಎಂಬಿ ಇನ್‌ಸ್ಟಾಲರ್, ನಾನೂ ಯೋಚನೆ ಮಾಡ್ದೆ ಒತ್ತೇಬಿಟ್ಟೆ, ಆ ಸಂಜೆಯೆಲ್ಲ ಶಿಕಾಗೋ ಬದಲು ವಿಂಡೋಸ್ ರೀ-ಇನ್‌ಸ್ಟಾಲ್ ಆಯ್ತು. ಅಮಿಗಾದ ಮಾಮೂಲಿ ಡಿಸ್ಕ್ ಹಿಡಿಸ್ತಿದ್ದಿದ್ದು 880 ಕೆಬಿ. ಹಂಗಾಗಿ ಎಡಿಎಫ್ (ಅಮಿಗಾ ಡಿಸ್ಕ್ ಇಮೇಜ್ ಸಾಮಾನ್ಯವಾಗಿ ಇರೋ ರೂಪ) ಫೈಲಿನ ಸೈಜ್ ಸರಿಯಾಗಿ 9,01,120 ಬೈಟ್ ಇರ್ಬೇಕು. ಅದಕ್ಕಿಂತ ದೊಡ್ಡದು, ಅದೂ ಇನ್‌ಸ್ಟಾಲ್ ಮಾಡು ಅಂತ ಕೇಳೋದು ಏನೇ ಬಂದ್ರೂ ಅದು ಗೇಮಲ್ಲ, ಡಿಲೀಟ್ ಮಾಡಿ. ಕಿಕ್‌ಸ್ಟಾರ್ಟ್ 1.3 ಫೈಲೂ ಅಷ್ಟೇ, 256 ಕೆಬಿ, ಅಂದ್ರೆ 2,62,144 ಬೈಟ್.

ಮೂರನೇದು: ಎಮ್ಯುಲೇಟರ್ ಸೆಟಪ್, ಇಲ್ಲಿ ಒಂದೇ ಒಂದು ಟಿಕ್ ಮುಖ್ಯ

ಎಫ್‌ಎಸ್-ಯುಎಇ ಲಾಂಚರ್ ಓಪನ್ ಮಾಡಿ, ಕಿಕ್‌ಸ್ಟಾರ್ಟ್ ಇಂಪೋರ್ಟ್ ಮಾಡಿ, ಮಾಡೆಲ್ ಎ500 ಅಂತ ಇಡಿ, ಫ್ಲಾಪಿ ಡ್ರೈವಿಗೆ ಮೊದಲನೇ ಡಿಸ್ಕ್ ಹಾಕಿ. ಒಂದಕ್ಕಿಂತ ಹೆಚ್ಚು ಡಿಸ್ಕ್ ಇದ್ರೆ ಎರಡನೇದನ್ನ ಡಿಎಫ್1ಗೆ, ಅಂದ್ರೆ ಎರಡನೇ ಫ್ಲಾಪಿ ಡ್ರೈವಿಗೆ, ಹಾಕಿಟ್ಟು ನೋಡಿ, ಗೇಮ್ ಅದನ್ನ ಗುರುತಿಸಿದ್ರೆ ಸರಿ, ಇಲ್ದಿದ್ರೆ ಡಿಸ್ಕ್ ಬದಲಾಯಿಸು ಅಂತ ಕೇಳ್ದಾಗ ಎಫ್12 ಒತ್ತಿ ಮೆನು ತೆಗೆದು ಬದಲಾಯಿಸಿ.

ಈಗ ಆ ಟಿಕ್. ಎನ್‌ಟಿಎಸ್‌ಸಿ ಅಂತ ಒಂದು ಬಾಕ್ಸ್ ಇರತ್ತೆ, ಅದನ್ನ ಹಾಕಿ. ವಿನ್‌ಯುಎಇನಲ್ಲಿ ಇದು ಚಿಪ್‌ಸೆಟ್ ಪೇಜಲ್ಲಿ ಸಿಗುತ್ತೆ. ಯಾಕೆ ಅಂದ್ರೆ ಇದು ಅಮೆರಿಕದಲ್ಲಿ ಮಾಡಿದ ಗೇಮ್, ಅಲ್ಲಿನ ಟೀವಿ ಪದ್ಧತಿ ಎನ್‌ಟಿಎಸ್‌ಸಿ, ಅದು ಸೆಕೆಂಡಿಗೆ 60 ಸಲ ಚಿತ್ರ ಬದಲಾಯಿಸ್ತಿತ್ತು, ಯುರೋಪಿಂದೂ ನಮ್ಮದೂ ಪಾಲ್, ಅದು 50. ಎಮ್ಯುಲೇಟರ್‌ಗಳು ಸಾಮಾನ್ಯವಾಗಿ ಪಾಲ್ ಅಂತಲೇ ಶುರು ಆಗ್ತವೆ. ಹಂಗೇ ಬಿಟ್ರೆ ಎರಡು ಎಡವಟ್ಟು: ಚಿತ್ರ 200 ಗೆರೆ, ಪಾಲ್ ಪರದೆ 256 ಗೆರೆ, ಕೆಳಗೆ ಕಪ್ಪು ಪಟ್ಟಿ ಉಳ್ಕೊಳ್ಳುತ್ತೆ, ಮೇಲಿಂದ ಎಲ್ಲಾ ಮುಖಗಳೂ ಯಾರೋ ತಲೆ ಮೇಲೆ ಕೈಯಿಟ್ಟು ಒತ್ತಿದಂಗೆ ಕುಳ್ಳಗೆ ಕಾಣ್ತವೆ. ಎರಡನೇದು, ಪರದೆಗೆ ತಾಳ ಹಾಕ್ಕೊಂಡು ಓಡೋದೆಲ್ಲ ಆರಕ್ಕೆ ಐದರಷ್ಟು ನಿಧಾನ. ಸಂಗೀತ ಕೇಳಿದ್ರೆ ಗೊತ್ತಾಗುತ್ತೆ, ರೌಡಿ ಬರೋ ತರ ಇರ್ಬೇಕಾಗಿದ್ದು ಮದುವೆ ಮನೇಲಿ ಕೊನೇ ಪಂಕ್ತಿ ಹೊತ್ತಿಗೆ ಓಲಗದವರು ಸುಸ್ತಾಗಿ ಬಾರಿಸಿದಂಗೆ ಇರುತ್ತೆ. ನಾನು ಮೊದಲನೇ ಸಲ ಪೂರ್ತಿ ಗೇಮನ್ನ ಈ ಪಾಲ್ ನಿಧಾನದಲ್ಲೇ ಆಡಿ ಮುಗಿಸಿದ್ದು ಅಂತ ಈಗ ಹೇಳೋಕೂ ನಾಚಿಕೆ.

ಇನ್ನೊಂದು, ಆ್ಯಸ್ಪೆಕ್ಟ್ (ಚಿತ್ರದ ಅಗಲ-ಎತ್ತರದ ಅನುಪಾತ) 4:3 ಇಡಿ, ವೈಡ್‌ಸ್ಕ್ರೀನ್‌ಗೆ ಎಳೀಬೇಡಿ. ಚಿತ್ರಾನ ಹಳೇ ಡಬ್ಬ ಟೀವಿ ತರ ಕಾಣಿಸೋ ಸಿಆರ್‌ಟಿ ಫಿಲ್ಟರ್ ಇದ್ರೆ ಹಾಕ್ಕೊಳ್ಳಿ. ಆ ಕಾಲದ ಆರ್ಟಿಸ್ಟ್‌ಗಳು 32 ಬಣ್ಣದಲ್ಲಿ ಚರ್ಮದ ನೆರಳು, ಸಿಗರೇಟ್ ಹೊಗೆ ಎಲ್ಲಾ ತೋರಿಸ್ಬೇಕಾಗಿತ್ತು, ಚುಕ್ಕಿ ಪಕ್ಕ ಚುಕ್ಕಿ ಇಟ್ಟು, ಟೀವಿ ಪರದೆ ಅದನ್ನ ಕಲಸಿಬಿಡುತ್ತೆ ಅನ್ನೋ ನಂಬಿಕೆ ಮೇಲೆ ಬರೀತಿದ್ರು. ಇವತ್ತಿನ ಎಲ್‌ಸಿಡಿಲಿ ಆ ಚುಕ್ಕಿ ಒಂದೊಂದೂ ಎದ್ದು ಕಾಣುತ್ತೆ, ಮುಖಕ್ಕೆ ಸಿಡುಬು ಬಂದಂಗೆ.

ಫ್ಲಾಪಿ ಸ್ಪೀಡ್ ಜಾಸ್ತಿ ಮಾಡೋ ಆಪ್ಶನ್ ಇದೆ, ಮಾಡ್ಬೇಡಿ. ಒಂದು, ಕಾಪಿ ಪ್ರೊಟೆಕ್ಷನ್ ಇರೋ ಹಳೇ ಗೇಮ್‌ಗಳು ಅದರಿಂದ ಕೆಲವು ಸಲ ನಿಂತೇ ಹೋಗ್ತವೆ. ಇನ್ನೊಂದು ನನ್ನ ಹುಚ್ಚು ಅಂತಲೇ ಇಟ್ಕೊಳ್ಳಿ, ಸೀನ್ ಬದಲಾಗೋವಾಗ ಆ ಡ್ರೈವ್ ಕರಕರ ಅನ್ನೋ ಸದ್ದಿದ್ಯಲ್ಲ, ಅದೇ ಇಂಟರ್ವಲ್. ಆ ನಾಲ್ಕೈದು ಸೆಕೆಂಡಲ್ಲೇ ನಾನು ಅಯ್ಯೋ ಹಂಗೆ ಹೇಳ್ಬಾರದಾಗಿತ್ತು ಅನ್ಕೊಳ್ಳೋದು.

ನಾಲ್ಕನೇದು: ಹತ್ತು ನಿಮಿಷ ಇತಿಹಾಸ, ಇಲ್ದಿದ್ರೆ ಡೈಲಾಗ್ ಅರ್ಥ ಆಗಲ್ಲ

ಅಮೆರಿಕದಲ್ಲಿ 1920ರ ಜನವರಿ 17ರಿಂದ 1933ರ ಡಿಸೆಂಬರ್ 5ರವರೆಗೆ ದೇಶಪೂರ್ತಿ ಪಾನನಿಷೇಧ ಇತ್ತು. ಇದರಲ್ಲಿ ಒಂದು ಮಜಾ ಇದೆ, ಹೆಂಡ ಮಾಡೋದು, ಮಾರೋದು, ಸಾಗಿಸೋದು ಅಪರಾಧ, ಕುಡಿಯೋದು ಅಪರಾಧ ಅಂತ ಈ ನಿಷೇಧ ತಂದ ಸಂವಿಧಾನ ತಿದ್ದುಪಡೀಲಿ ಬರ್ದೇ ಇರ್ಲಿಲ್ಲ. ಅಂದ್ರೆ ಗಿರಾಕಿ ಸೇಫ್, ವ್ಯಾಪಾರಿ ಮಾತ್ರ ಕಳ್ಳ. ಇಂಥಾ ಕಾನೂನು ಇದ್ಮೇಲೆ ಗ್ಯಾಂಗ್ ಹುಟ್ಟದೆ ಇನ್ನೇನು ಹುಟ್ಟುತ್ತೆ.

ಶಿಕಾಗೋ ಊರನ್ನ ಗ್ಯಾಂಗ್‌ಗಳು ಹಂಚ್ಕೊಂಡಿದ್ವು. ದಕ್ಷಿಣದ ಕಡೆ ಅಲ್ ಕಪೋನ್, ಉತ್ತರದ ಕಡೆ ನಾರ್ತ್ ಸೈಡ್ ಗ್ಯಾಂಗ್. ನಾರ್ತ್ ಸೈಡಿನ ಡೀನ್ ಒಬ್ಯಾನಿಯನ್‌ನ 1924ರ ನವೆಂಬರಲ್ಲಿ ಅವನದೇ ಹೂವಿನ ಅಂಗಡೀಲಿ ಹೊಡೆದ್ರು. 1929ರ ಫೆಬ್ರವರಿ 14ರಂದು ನಾರ್ತ್ ಕ್ಲಾರ್ಕ್ ಸ್ಟ್ರೀಟಿನ ಗ್ಯಾರೇಜಲ್ಲಿ ಏಳು ಜನಾನ ಗೋಡೆಗೆ ನಿಲ್ಲಿಸಿ ಹೊಡೆದ್ರು, ಬಂದೋರಲ್ಲಿ ಕೆಲವರು ಪೊಲೀಸ್ ಯೂನಿಫಾರಂ ಹಾಕ್ಕೊಂಡಿದ್ರು. ಇಷ್ಟೆಲ್ಲಾ ಆದ್ರೂ ಕಪೋನ್ ಕೊನೆಗೆ ಸಿಕ್ಕಿಬಿದ್ದಿದ್ದು ಇನ್‌ಕಮ್ ಟ್ಯಾಕ್ಸ್ ಕಟ್ಟಿಲ್ಲ ಅಂತ, 1931ರ ಅಕ್ಟೋಬರಲ್ಲಿ 11 ವರ್ಷ ಜೈಲು, 50,000 ಡಾಲರ್ ದಂಡ.

ಗೇಮ್ ಶುರು ಆಗೋದು ಸರಿಯಾಗಿ ಇಲ್ಲಿ, 1931, ಕಪೋನ್ ಇಲ್ಲ, ಗಾದಿ ಖಾಲಿ. ನೀವು ಪಿಂಕಿ ಕ್ಯಾಲಹನ್, ನಾರ್ತ್ ಸೈಡ್ ಗ್ಯಾಂಗಿನ ಹುಡುಗ. ಮೇಲೆ ಓಲ್ಡ್ ಮ್ಯಾನ್ ಅಂತ ಬಾಸ್ ಕೂತಿದಾನೆ. ಮೊದಲು ಅವನನ್ನ ಇಳಿಸ್ಬೇಕು, ಆಮೇಲೆ ಸೌತ್ ಸೈಡ್ ಮೇಲೆ ಕಣ್ಣು. ಜೊತೇಗೆ ಲೋಲಾ ಅಂತ ಒಬ್ಬಳು. ಪಾತ್ರಗಳೆಲ್ಲ ಕಲ್ಪನೆ, ಸುತ್ತ ಇರೋ ಊರು ಮಾತ್ರ ನಿಜ.

ಇನ್ನು ಆ ಕಾಲದ ಸ್ಲ್ಯಾಂಗ್. ಇಂಗ್ಲಿಷ್ ಚೆನ್ನಾಗಿ ಬರೋರೂ ಇಲ್ಲಿ ತಡವರಿಸ್ತಾರೆ, ಯಾಕಂದ್ರೆ ಇದು ಶಾಲೇಲಿ ಕಲ್ತ ಇಂಗ್ಲಿಷಲ್ಲ. ಸ್ಪೀಕೀಸಿ ಅಂದ್ರೆ ಕದ್ದು ಹೆಂಡ ಮಾರೋ ಅಡ್ಡಾ, ಮೆತ್ತಗೆ ಮಾತಾಡ್ರಪ್ಪಾ ಹೊರಗೆ ಕೇಳುತ್ತೆ ಅನ್ನೋದರಿಂದ ಬಂದ ಹೆಸರು. ಬೂಟ್‌ಲೆಗರ್ ಅಂದ್ರೆ ಕಳ್ಳ ಹೆಂಡ ಸಾಗಿಸೋನು, ಉದ್ದ ಬೂಟಿನೊಳಗೆ ಬಾಟ್ಲಿ ಬಚ್ಚಿಡ್ತಿದ್ರು ಅದಕ್ಕೆ. ಹೂಚ್ ಅಂದ್ರೆ ನಮ್ಮ ಕಳ್ಳಭಟ್ಟಿ. ರ‍್ಯಾಕೆಟ್ ಅಂದ್ರೆ ಹಫ್ತಾ ವಸೂಲಿಯಿಂದ ಹಿಡಿದು ಎಲ್ಲಾ ಕಳ್ಳ ದಂಧೆ. ಆಲ್ಡರ್‌ಮನ್ ಅಂತ ಬಂದ್ರೆ ವಾರ್ಡಿನ ಕಾರ್ಪೊರೇಟರ್ ಅಂತ ಓದ್ಕೊಳ್ಳಿ. ಟಾಮಿ ಗನ್ ಅಂದ್ರೆ ಥಾಂಪ್ಸನ್ ಸಬ್‌ಮಷೀನ್ ಗನ್, ಟೈಪ್‌ರೈಟರ್ ಅಂತಲೂ ಕರೀತಿದ್ರು, ಸದ್ದು ಹಂಗೇ ಇತ್ತಂತೆ. ಯಾರಾದ್ರೂ ನಿಮ್ಮನ್ನ ರೈಡಿಗೆ ಕರ್ಕೊಂಡು ಹೋಗ್ತೀನಿ ಅಂದ್ರೆ ದಯವಿಟ್ಟು ಹೋಗ್ಬೇಡಿ, ಆ ಕಾರು ವಾಪಸ್ ಬರೋವಾಗ ನೀವು ಅದರೊಳಗೆ ಇರಲ್ಲ.

ಐದನೇದು: ಗುಳ್ಳೆ ಹೆಂಗೆ ಕೆಲಸ ಮಾಡುತ್ತೆ ಅಂತ ಅರ್ಥ ಮಾಡ್ಕೊಳ್ಳಿ

ಆಡೋ ರೀತಿ ಮೌಸಲ್ಲಿ. ಸೀನ್ ನಡೀತಾ ಇರುತ್ತೆ, ಇಬ್ಬರು ಮಾತಾಡ್ತಿರ್ತಾರೆ, ಒಂದು ಹಂತದಲ್ಲಿ ಪಿಂಕಿ ತಲೆ ಮೇಲೆ ಯೋಚನೆ ಗುಳ್ಳೆ ಬರುತ್ತೆ, ಅದರೊಳಗೆ ಅವನು ಏನು ಹೇಳ್ಬಹುದು, ಏನು ಮಾಡ್ಬಹುದು ಅಂತ. ಬೇಕಾಗಿದ್ದನ್ನ ಕ್ಲಿಕ್ ಮಾಡಿ. ಇಷ್ಟೇ. ಇಷ್ಟೇನಾ ಅಂದ್ರೆ ಇಷ್ಟೇ ಅಲ್ಲ. ಗುಳ್ಳೆ ನಿಮಗೋಸ್ಕರ ಕಾಯ್ತಾ ಕೂರಲ್ಲ. ನೀವು ಕನ್ನಡಕ ಹುಡುಕ್ಕೊಂಡು, ಪೂರ್ತಿ ಓದ್ಕೊಂಡು, ಇದಾ ಅದಾ ಅಂತ ತೂಗೋಷ್ಟರಲ್ಲಿ ಗುಳ್ಳೆ ಹೋಗಿರುತ್ತೆ, ಪಿಂಕಿ ತಾನೇ ಏನೋ ಒಂದು ತೀರ್ಮಾನ ಮಾಡಿ ಮುಂದೆ ಹೋಗಿರ್ತಾನೆ. ನೀವು ಸುಮ್ನಿದ್ದಿದ್ದೂ ಒಂದು ಉತ್ತರ ಅಂತಲೇ ಲೆಕ್ಕ.

ಅಣ್ಣನ ಮಗ ಹತ್ತನೇ ಕ್ಲಾಸು, ಸ್ವಲ್ಪ ಹೊತ್ತು ನೋಡಿ ಕೇಳ್ದ, ಚಿಕ್ಕಪ್ಪ ಇದನ್ನ ಆಡೋದಾ ನೋಡೋದಾ ಅಂತ. ನಾನು ಉತ್ತರ ಹೇಳೋಕೆ ತಿರುಗಿದೆ ನೋಡಿ, ಅಷ್ಟರಲ್ಲಿ ಒಂದು ಗುಳ್ಳೆ ಬಂದು ಹೋಯ್ತು, ಪಿಂಕಿ ಯಾರಿಗೋ ಏನೋ ಹೇಳೇಬಿಟ್ಟ, ಎದುರಿಗಿದ್ದೋನ ಮುಖ ಬದಲಾಯ್ತು. ಹುಡುಗ ಹೋ ಅಂತ ನಗೋಕೆ ಶುರು ಮಾಡ್ದ. ಅವತ್ತು ಅವನ ಪ್ರಶ್ನೆಗೆ ಅದೇ ಉತ್ತರ ಆಯ್ತು.

ಒಳಗೆ ಏನು ನಡೀತಿದೆ ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಆಡೋ ರೀತಿಯೇ ಇದರ ಮೇಲೆ ನಿಂತಿದೆ. ಆ ಕಾಲದ ಕಥೆ ಗೇಮ್‌ಗಳು ಹೆಚ್ಚಿನವು ಮರದ ಕೊಂಬೆ ತರ, ಇಲ್ಲಿ ಎಡಕ್ಕೆ ಹೋದ್ರೆ ಈ ಪುಟ, ಬಲಕ್ಕೆ ಹೋದ್ರೆ ಆ ಪುಟ, ಎಷ್ಟು ಕೊಂಬೆ ಇದ್ರೂ ಅಷ್ಟೇ. ಶಾರ್ಪ್ ಹಂಗೆ ಮಾಡ್ಲಿಲ್ಲ. ಕಥೇನ ಚಿಕ್ಕ ಚಿಕ್ಕ ತುಣುಕು ಮಾಡಿದ್ರು, ಒಳಗೆ ಒಂದಷ್ಟು ಸಂಖ್ಯೆ ಇಟ್ರು: ಹುಡುಗರಿಗೆ ನಿಮ್ಮ ಮೇಲೆ ಎಷ್ಟು ನಂಬಿಕೆ, ಲೋಲಾ ಮನಸ್ಸು ಹೆಂಗಿದೆ, ದುಡ್ಡೆಷ್ಟು ಈ ತರದ್ದು. ಒಂದು ತುಣುಕು ಮುಗಿದ್ಮೇಲೆ ಈ ಸಂಖ್ಯೆಗಳಿಗೆ ಯಾವ ತುಣುಕು ಚೆನ್ನಾಗಿ ಹೊಂದುತ್ತೋ ಅದನ್ನ ಗೇಮ್ ಹುಡುಕಿ ಮುಂದಕ್ಕೆ ತಂದು ಇಡುತ್ತೆ. ಅಡುಗೆಯವನು ಸೇರ್ದ ಜನ ನೋಡ್ಕೊಂಡು ಇದ್ದ ಸಾಮಾನಲ್ಲೇ ಏನು ಮಾಡೋದು ಅಂತ ಅಲ್ಲೇ ತೀರ್ಮಾನ ಮಾಡ್ತಾನಲ್ಲ ಹಂಗೆ. ಅದಕ್ಕೇ ನೀವು ಹಿಂದೆ ಹೋಗಿ ಒಂದೇ ಒಂದು ಉತ್ತರ ಬದಲಾಯಿಸಿದ್ರೆ ದೊಡ್ಡ ವ್ಯತ್ಯಾಸ ಏನೂ ಕಾಣಲ್ಲ, ಆದ್ರೆ ಮೊದಲಿಂದ ಕೊನೇವರೆಗೆ ಒಂದೇ ಸ್ವಭಾವದಲ್ಲಿ ಆಡಿದ್ರೆ ಊರಿಗೆ ಊರೇ ನಿಮ್ಮನ್ನ ಬೇರೆ ತರ ನೋಡೋಕೆ ಶುರು ಮಾಡುತ್ತೆ. ಸೇವ್ ಸ್ಟೇಟ್ (ಎಮ್ಯುಲೇಟರಲ್ಲಿ ಆಟಾನ ಇದ್ದಲ್ಲೇ ಉಳಿಸ್ಕೊಳ್ಳೋ ಸೌಲಭ್ಯ) ಮುಟ್ಟಬೇಡಿ ಅಂತ ನಾನು ಬಡ್ಕೊಳ್ಳೋದು ಇದಕ್ಕೆ.

ಒಂದು ಆಟ ಮುಗಿಯೋಕೆ ಅರ್ಧ ಗಂಟೆ, ಹೆಚ್ಚಂದ್ರೆ ಒಂದು ಗಂಟೆ. ಆಗಿನ ಕಾಲದಲ್ಲಿ ಇಷ್ಟು ದುಡ್ಡಿಗೆ ಇಷ್ಟೇನಾ ಅಂತ ಗೊಣಗಿದೋರಿದ್ರು, ಆದ್ರೆ ಇವತ್ತು ನಲವತ್ತು ಗಂಟೆ ಗೇಮ್ ಶುರು ಮಾಡಿ ಮೂರನೇ ಗಂಟೇಲಿ ಬಿಡೋ ನಮ್ಮಂಥೋರಿಗೆ ಇದು ವರ.

ಆರನೇದು: ನಾಲ್ಕು ಆಟ, ಒಂದು ಸಂಜೆ

ಒಂದು ನೋಟ್‌ಬುಕ್ ತಗೊಳ್ಳಿ. ಫೋನಲ್ಲಿ ಟೈಪ್ ಮಾಡ್ತೀನಿ ಅನ್ಬೇಡಿ, ಫೋನ್ ನೋಡಿದ ಹೊತ್ತಲ್ಲೇ ಗುಳ್ಳೆ ಬರೋದು. ಪುಟಕ್ಕೆ ಮೂರು ಗೆರೆ ಎಳೀರಿ: ಯಾರು ಎದುರಿಗಿದ್ರು, ನಾನು ಏನಂದೆ, ಆಮೇಲೆ ಏನಾಯ್ತು.

ಮೊದಲನೇ ಆಟದಲ್ಲಿ ಗುಳ್ಳೆ ಬಂದಾಗ ಏನೂ ಒತ್ತಬೇಡಿ. ಹೌದು, ಏನೂ. ಪಿಂಕಿ ತಾನಾಗೇ ಏನು ಮಾಡ್ತಾನೋ ನೋಡಿ. ಕೈ ತುರಿಸುತ್ತೆ, ಆದ್ರೂ ತಡ್ಕೊಳ್ಳಿ. ಹೊಡೆದಾಟದ ಸೀನ್ ಬಂದ್ರೆ ಮಾತ್ರ ಮೌಸ್ ಹಿಡೀರಿ. ಈ ಆಟ ಬೇಗ ಮುಗಿಯುತ್ತೆ, ಚೆನ್ನಾಗಿ ಮುಗಿಯಲ್ಲ, ಪರವಾಗಿಲ್ಲ. ಎಲ್ಲಾ ಪಾತ್ರಗಳ ಪರಿಚಯ ಆಯ್ತು, ಗುಳ್ಳೆ ಎಷ್ಟು ಹೊತ್ತು ಇರುತ್ತೆ ಅನ್ನೋ ತಾಳ ಕೈಗೆ ಬಂತು.

ಎರಡನೇ ಆಟದಲ್ಲಿ ಸಾಧು ಆಗಿ. ಪ್ರತೀ ಸಲ ಮೆತ್ತಗಿರೋ ಮಾತು, ಜಗಳ ತಪ್ಪಿಸೋ ಮಾತು ಆರಿಸ್ಕೊಳ್ಳಿ. ಗ್ಯಾಂಗಲ್ಲಿ ಸಾಧು ಆಗಿರೋದು ಎಷ್ಟು ಅಪಾಯ ಅಂತ ಇಲ್ಲಿ ಗೊತ್ತಾಗೋದು. ನನ್ನ ನೋಟ್‌ಬುಕ್ಕಲ್ಲಿ ಈ ಆಟದ ಪುಟದ ಕೊನೇ ಸಾಲು ಹಿಂಗಿದೆ: ಯಾರೂ ಮಾತು ಕೇಳ್ತಿಲ್ಲ, ಎಲ್ಲರಿಗೂ ಒಳ್ಳೆಯವನಾಗೋಕೆ ಹೋಗಿ ಕೆಟ್ಟೆ.

ಮೂರನೇದು ಪೂರಾ ಒರಟು. ಅನುಮಾನ ಬಂದ್ರೆ ಹೊಡಿ, ಅನುಮಾನ ಬರ್ದಿದ್ರೂ ಹೊಡಿ. ಅಣ್ಣನ ಮಗನಿಗೆ ಮೌಸ್ ಕೊಟ್ಟಿದ್ದು ಈ ಸುತ್ತಲ್ಲಿ, ಅವನಿಗೆ ಇದನ್ನ ವಿವರಿಸೋ ಅಗತ್ಯನೇ ಬರ್ಲಿಲ್ಲ. ಮೊದಲ ಹತ್ತು ನಿಮಿಷ ಸಖತ್ತಾಗಿ ನಡೆಯುತ್ತೆ, ಎಲ್ಲಾ ಹೆದರ್ತಾರೆ. ಆಮೇಲೆ ಹೆದರಿದವರೇ ತಿರುಗಿ ಬೀಳ್ತಾರೆ.

ಇದಿಷ್ಟು ಆದ್ಮೇಲೆ ಎದ್ದು ಕಾಫಿ ಮಾಡ್ಕೊಂಡು ಬಂದು, ಮೂರು ಪುಟಾನೂ ಪಕ್ಕಪಕ್ಕ ಇಟ್ಟು ಓದಿ. ಒಂದೇ ಜಾಗ, ಒಂದೇ ಮನುಷ್ಯ, ಎರಡು ಆಟದಲ್ಲಿ ಬೇರೆ ಬೇರೆ ಮಾತಾಡಿರೋದು ಕಣ್ಣಿಗೆ ಬೀಳುತ್ತೆ. ನಾನು ಮೊದಲೊಂದು ಸಲ ಸೇವ್ ಮಾಡ್ಕೊಂಡು ಗೆದ್ದಾಗ ಇದರಲ್ಲಿ ಒಂದೂ ನೋಡಿರ್ಲಿಲ್ಲ, ಯಾಕಂದ್ರೆ ನನಗೆ ಸಿಕ್ಕಿದ್ದು ಒಂದೇ ದಾರಿ, ಅದನ್ನೇ ನುಣ್ಣಗೆ ಉಜ್ಜಿ ಉಜ್ಜಿ ಇಟ್ಕೊಂಡಿದ್ದೆ.

ನಾಲ್ಕನೇದು ನಿಮ್ಮಿಷ್ಟ. ಈಗ ಗೆಲ್ಲೋಕೆ ಆಡಿ.

ಏಳನೇದು: ಗೆಲ್ಲೋಕೆ ಅಂತ ಕೂತಾಗ ಒಂದಿಷ್ಟು ಉಪಾಯ

ಎಲ್ಲಕ್ಕಿಂತ ಮೊದಲು ಲೆಕ್ಕದ ಪುಸ್ತಕ. ಮಾತಿನ ಸೀನ್ ನಡುವೆ ದಂಧೆಯ ದುಡ್ಡು ಹಂಚೋ ಹಂತ ಬರುತ್ತೆ, ಬಂದಿದ್ದರಲ್ಲಿ ಎಷ್ಟು ಹುಡುಗರಿಗೆ, ಎಷ್ಟು ಲಂಚಕ್ಕೆ, ಎಷ್ಟು ದಂಧೆಗೆ ಅಂತ. ಸಿನಿಮಾ ನೋಡೋ ಮೂಡಲ್ಲಿರೋರು ಇದನ್ನ ಬೇಗ ಬೇಗ ಒತ್ತಿ ಮುಂದೆ ಹೋಗ್ತಾರೆ. ಎಡವೋದು ಅಲ್ಲೇ. ಹುಡುಗರ ಪಾಲು ಕಿತ್ಕೊಂಡ್ರೆ ನಾಳೆ ಅವರು ನಿಮ್ಮ ಹಿಂದೆ ನಿಲ್ಲಲ್ಲ, ಲಂಚ ಉಳಿಸೋಕೆ ಹೋದ್ರೆ ಖಾಕಿ ಬಾಗಿಲಿಗೆ ಬರುತ್ತೆ, ಅಂದ್ರೆ ಅಲ್ಲಿ ಖಾಕಿ ಅಲ್ಲ ನೀಲಿ. ಕಪೋನ್ ಸಾಹೇಬ್ರು ಲೆಕ್ಕದಲ್ಲೇ ಮುಗ್ಗರಿಸಿದ್ದು ನೆನಪಿಟ್ಕೊಳ್ಳಿ. ನಾನು ಮಾಡೋದು, ಮೊದಲ ಸುತ್ತುಗಳಲ್ಲಿ ನನ್ನ ಜೇಬು ಖಾಲಿ ಇಟ್ಟು ಹುಡುಗರಿಗೆ ಧಾರಾಳ. ಓಲ್ಡ್ ಮ್ಯಾನ್‌ನ ಇಳಿಸೋ ದಿನ ಬಂದಾಗ ಅದು ಕೈ ಹಿಡಿಯುತ್ತೆ.

ಓಲ್ಡ್ ಮ್ಯಾನ್ ವಿಷಯದಲ್ಲಿ ಅವಸರ ಬೇಡ, ಆದ್ರೆ ತುಂಬಾ ತಡಾನೂ ಬೇಡ. ಗುಳ್ಳೇಲಿ ಅವನ ಮೇಲೆ ಎರಗೋ ತರದ ಮಾತು ಕಂಡ ತಕ್ಷಣ ಒತ್ತೋದು ಹೊಸಬರ ತಪ್ಪು. ಮೊದಲು ಯಾರು ನಿಮ್ಮ ಕಡೆ ಅಂತ ಮಾತಿನಲ್ಲೇ ನೋಡ್ಕೊಳ್ಳಿ.

ಲೋಲಾ ಬಗ್ಗೆ ನನ್ನ ಒಂದು ತಕರಾರಿದೆ. ಗೇಮ್ ಅವಳನ್ನ ಖರ್ಚಿನ ಬಾಬ್ತು ತರ ಬರ್ದಿದೆ, ಖುಷಿಯಾಗಿಡು, ಇಲ್ಲಾಂದ್ರೆ ಮುನಿಸು, ಮುನಿಸಾದ್ರೆ ನಷ್ಟ. ಹಳೇ ಗ್ಯಾಂಗ್‌ಸ್ಟರ್ ಸಿನಿಮಾಗಳೇ ಹಂಗಿದ್ವು ಅಂತ ಸಮಾಧಾನ ಹೇಳ್ಬಹುದು, ಆದ್ರೂ ಇವತ್ತು ಆಡೋವಾಗ ಕಿರಿಕಿರಿ ಆಗುತ್ತೆ, ಮುಚ್ಚಿಡೋದು ಯಾಕೆ. ಆಟದ ಮಟ್ಟಿಗೆ ಹೇಳ್ಬೇಕಂದ್ರೆ ಅವಳ ಮಾತನ್ನ ಅರ್ಧಕ್ಕೆ ಕತ್ತರಿಸಿ ಓಡ್ಬೇಡಿ.

ಹೊಡೆದಾಟ, ಬಾಂಬ್ ಎಸೆಯೋದು ಇವೆಲ್ಲ ಆ್ಯಕ್ಷನ್ ತುಣುಕು, ಚಿಕ್ಕದು, ಕೈಚಳಕದ್ದು. ನಿಜ ಹೇಳ್ಬೇಕಂದ್ರೆ ಗೇಮಿನ ಬಡ ಭಾಗ ಇದೇ. ಇದರಲ್ಲಿ ಎಡವಿದ್ರೆ ಮೌಸ್ ಸೆನ್ಸಿಟಿವಿಟಿ ಒಂದ್ಸಲ ನೋಡಿ, ಆಗಿನ ಮೌಸ್ ಈಗಿನಷ್ಟು ಚುರುಕಿರ್ಲಿಲ್ಲ, ಇವತ್ತಿನ ಮೌಸ್ ಎರಡು ಬೆರಳು ಸರಿಸಿದ್ರೆ ಪರದೆ ದಾಟಿ ಹೋಗುತ್ತೆ. ಎಮ್ಯುಲೇಟರಲ್ಲಿ ಮೌಸ್ ಸ್ಪೀಡ್ ಕಮ್ಮಿ ಮಾಡ್ಕೊಳ್ಳಿ. ಟಚ್‌ಪ್ಯಾಡಲ್ಲಿ ಆಡ್ತೀನಿ ಅನ್ನೋ ಸಾಹಸ ಬೇಡ.

ಕೊನೇದು: ಮ್ಯಾಕ್ ವರ್ಷನ್‌ಗೆ ಇನ್ನೊಂದು ದಿನ ಇಟ್ಕೊಳ್ಳಿ

ಅಮಿಗಾದಲ್ಲಿ ನಾಲ್ಕೂ ಆಟ ಆದ್ಮೇಲೆ ರುಚಿ ಹತ್ತಿದ್ರೆ ಮಿನಿ ವಿಮ್ಯಾಕ್ ಅನ್ನೋ ಪುಟ್ಟ ಎಮ್ಯುಲೇಟರ್ ಇದೆ, ಅದಕ್ಕೂ ಹಳೇ ಮ್ಯಾಕಿನ ರಾಮ್ ಬೇಕು. ಪರದೆ 512 ಬೈ 342, ಅಂಚೆ ಕಾರ್ಡಷ್ಟೇ ಅನ್ಸುತ್ತೆ, ಫುಲ್ ಸ್ಕ್ರೀನ್ ಮಾಡೋ ಬದಲು ಸರಿಯಾಗಿ ಎರಡು ಪಟ್ಟು ದೊಡ್ಡದು ಮಾಡಿ, ಗೆರೆ ಕೆಡಲ್ಲ. ಕಪ್ಪು-ಬಿಳುಪಲ್ಲಿ ಅದೇ ಪಿಂಕಿ ಬೇರೆ ಮನುಷ್ಯನ ತರ ಕಾಣ್ತಾನೆ. ನನಗೆ ಯಾವುದು ಇಷ್ಟ ಅಂತ ಕೇಳಿದ್ರೆ ದಿನಕ್ಕೊಂದು ಉತ್ತರ.

ಆಂ, ಮರ್ತಿದ್ದೆ. ಎಫ್‌ಎಸ್-ಯುಎಇ ನಿಮ್ಮ ಮೌಸನ್ನ ಕಿಟಕಿ ಒಳಗೇ ಹಿಡಿದಿಟ್ಕೊಳ್ಳುತ್ತೆ, ಹೊರಗೆ ಬರೋಕಾಗ್ದೆ ಒದ್ದಾಡ್ಬೇಡಿ, ಎಫ್12 ಒತ್ತಿ ಹಿಡಿದು ಜಿ ಒತ್ತಿದ್ರೆ ಬಿಡುತ್ತೆ. ಇದು ಗೊತ್ತಿಲ್ದೆ ಮೊದಲನೇ ದಿನ ನಾನು ಪವರ್ ಬಟನ್ ಅದುಮಿ ಹಿಡಿದು ಲ್ಯಾಪ್‌ಟಾಪ್ ಆಫ್ ಮಾಡಿದ್ದೆ, ನೋಟ್‌ಬುಕ್ಕಿನ ಮೊದಲನೇ ಪುಟದಲ್ಲಿ, ಕೊನೆಗೆ ಏನಾಯ್ತು ಅನ್ನೋ ಗೆರೆ ಕೆಳಗೆ, ಅದನ್ನೂ ಬರ್ದಿಟ್ಟಿದೀನಿ.